ಏರಿ, ಕೋಡಿ, ನೀರುಗಂಟಿ: ದೊಡ್ಡೇರಿ ಸೀಮೆಯ ಕೆರೆಗಳಲ್ಲಿ ನೆರೆಯ ನೆನಪು

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಆರು ಹೋಬಳಿಗಳಲ್ಲಿ ದೊಡ್ಡೇರಿಯೂ ಒಂದು. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಹೆಸರು ಬೇರೊಂದು ಸಂದರ್ಭದಲ್ಲಿ ಪರಿಚಿತವಾಗಿರುತ್ತದೆ. 1695ರಲ್ಲಿ ಮೊಘಲ್ ಸೇನಾನಿ ಕಾಸಿಂಖಾನನು ಮರಾಠ ವೀರ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿದ ದೊಡ್ಡೇರಿ ಚಳ್ಳಕೆರೆ ತಾಲ್ಲೂಕಿನದು. ಪ್ರಸ್ತುತ ಲೇಖನದ ದೊಡ್ಡೇರಿ ಅದಲ್ಲ. ಎರಡಕ್ಕೂ ಹೆಸರು ಒಂದೇ ಆಗಿರುವುದು ಆಕಸ್ಮಿಕವೇನೂ ಇರಲಾರದು. 'ದೊಡ್ಡ ಏರಿ' ಎಂದು ಸುಲಭವಾಗಿ ಬಿಡಿಸಬಹುದಾದ ಈ ಹೆಸರು, ಬಯಲುಸೀಮೆಯಲ್ಲಿ ಊರನ್ನು ಗುರುತಿಸಲು ಕೆರೆಯ ಏರಿಗಿಂತ ದೊಡ್ಡ ಕುರುಹು ಬೇರೆ ಬೇಕಾಗಿರಲಿಲ್ಲ ಎಂಬುದನ್ನು ಸೂಚಿಸುತ್ತದೆ. ಸುತ್ತಮುತ್ತಲ ಸ್ಥಳನಾಮಗಳೂ ಇದೇ ಜಾಡಿನಲ್ಲಿವೆ. ಕೊರಟಗೆರೆ, ತೋವಿನಕೆರೆ, ಹೊಸಕೆರೆ, ಶಿರಾ ತಾಲ್ಲೂಕಿನ ಹುಲಿಕುಂಟೆ ಇವುಗಳಲ್ಲೆಲ್ಲ ಊರಿನ ಹೆಸರೇ ಜಲಾಶಯದ ಹೆಸರು.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಕುರಿತ ಬರವಣಿಗೆಯೆಲ್ಲ ಸಾಮಾನ್ಯವಾಗಿ ಬರಗಾಲವನ್ನು ಕುರಿತದ್ದು. ವರ್ಷಕ್ಕೆ ಸರಾಸರಿ 500ರಿಂದ 700 ಮಿಲಿಮೀಟರ್ ಮಳೆ ಕಾಣುವ ಪ್ರದೇಶದಲ್ಲಿ ನೆರೆಯ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಸಣ್ಣ ಕೆರೆಯೊಂದರ ಆಯುಸ್ಸನ್ನು ನಿರ್ಧರಿಸುವುದು ವರ್ಷದ ಸರಾಸರಿ ಮಳೆಯಲ್ಲ. ಒಂದೇ ರಾತ್ರಿಯ ಮಳೆ. ಇಲ್ಲಿನ ಮಳೆಯ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ನಕ್ಷತ್ರಗಳಲ್ಲಿ, ಅಂದರೆ ಸೆಪ್ಟೆಂಬರ್ ಮಧ್ಯಭಾಗದಿಂದ ನವೆಂಬರ್ ಮೊದಲ ವಾರದೊಳಗೆ ಸುರಿಯುತ್ತದೆ. ನಾಲ್ಕಾರು ವರ್ಷ ಒಣಗಿ ಬಿರುಕುಬಿಟ್ಟ ಏರಿಯ ಮೇಲೆ, ಗೆದ್ದಲು ಮತ್ತು ಹೆಗ್ಗಣಗಳು ಕೊರೆದ ಮಣ್ಣಿನ ಮೇಲೆ, ಒಮ್ಮೆಲೇ ಬೀಳುವ ಚಿತ್ತೆಮಳೆಯ ಭಾರವನ್ನು ಹೊರುವ ಶಕ್ತಿ ಆ ಏರಿಗಿದೆಯೇ ಎಂಬುದೇ ಪ್ರಶ್ನೆ. ಈ ಅರ್ಥದಲ್ಲಿ ಬರವೇ ನೆರೆಯ ಅಪಾಯವನ್ನು ಸಿದ್ಧಪಡಿಸುತ್ತದೆ. 2021ರ ನವೆಂಬರ್‌ನಲ್ಲಿ ಮತ್ತು 2022ರ ಮಳೆಗಾಲದಲ್ಲಿ ಜಯಮಂಗಲಿ ತುಂಬಿ ಹರಿದು, ವರ್ಷಗಟ್ಟಲೆ ಬತ್ತಿದ್ದ ಕೆರೆಗಳು ಕೋಡಿ ಬಿದ್ದಾಗ ಈ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದಿತು. ಈ ಪ್ರಶ್ನೆಗೆ ಜನಪದರು ಕಂಡುಕೊಂಡಿದ್ದ ಉತ್ತರವೇನು, ಅದು ಎಲ್ಲಿ ಕಳೆದುಹೋಯಿತು ಎಂಬುದನ್ನು ಶಾಸನ, ಐತಿಹ್ಯ ಮತ್ತು ಆಡಳಿತದ ದಾಖಲೆಗಳ ನೆರವಿನಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಪರಿಭಾಷೆಯನ್ನು ಗಮನಿಸಬೇಕು. ಕೆರೆಗೆ ನೀರು ನಿಲ್ಲಿಸುವ ಮಣ್ಣಿನ ಕಟ್ಟು ಏರಿ. ಗದ್ದೆಗೆ ನೀರು ಬಿಡುವ ಕಂಡಿ ತೂಬು. ಹೆಚ್ಚಾದ ನೀರು ತಾನಾಗಿ ಹೊರಹೋಗುವ ಸ್ಥಳ ಕೋಡಿ. ಪಾವಗಡದ ತೆಲುಗು ಮಾತಿನಲ್ಲಿ ಕೆರೆ ಚೆರುವು ಆಗುತ್ತದೆ, ಏರಿ ಕಟ್ಟ ಆಗುತ್ತದೆ, ತೂಬು ತೂಮು ಆಗುತ್ತದೆ, ಕೋಡಿ ಅಲುಗು ಆಗುತ್ತದೆ. ಭಾಷೆ ಬದಲಾದರೂ ಅಂಗಗಳ ಲೆಕ್ಕ ಬದಲಾಗುವುದಿಲ್ಲ. ಕನ್ನಡದಲ್ಲಿ 'ಕೆರೆ ಕೋಡಿ ಬಿತ್ತು' ಎಂಬುದು ಹಬ್ಬದ ಸುದ್ದಿ. ಊರಿನವರು ಬಾಗಿನ ಹಿಡಿದು ಹೋಗುತ್ತಾರೆ, ಗಂಗಮ್ಮನಿಗೆ ಮರಿ ಕಡಿಯುವ ಕಡೆ ಮರಿ ಕಡಿಯುತ್ತಾರೆ. 'ಕೆರೆ ಒಡೆಯಿತು' ಎಂಬುದು ಸಾವಿನ ಸುದ್ದಿ. ಎರಡೂ ಕಡೆ ಹೊರಗೆ ಹೋಗುವುದು ಅದೇ ನೀರು. ಅದು ಹೋಗುವ ದಾರಿಯನ್ನು ಕುರಿತ ವಿವೇಕವೇ ಕೆರೆಯನ್ನು ಕಟ್ಟಿದವರ ಮುಖ್ಯ ವಿದ್ಯೆಯಾಗಿತ್ತು.

ಈ ವಿದ್ಯೆಯ ಮಹತ್ವವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಹತ್ತು ಚದರ ಕಿಲೋಮೀಟರ್ ಜಲಾನಯನವಿರುವ ಕೆರೆಯ ಮೇಲ್ಭಾಗದಲ್ಲಿ 100 ಮಿಲಿಮೀಟರ್ ಮಳೆ ಬಿದ್ದರೆ ಬಂದ ನೀರು 10 ಲಕ್ಷ ಘನ ಮೀಟರು. ಅದರಲ್ಲಿ ಅರ್ಧದಷ್ಟೇ ಹರಿದು ಬಂದರೂ ಸುಮಾರು 1.75 ಕೋಟಿ ಘನ ಅಡಿ ನೀರು ಕೆಲವೇ ಗಂಟೆಗಳಲ್ಲಿ ಕೆರೆಯಂಗಳಕ್ಕೆ ಇಳಿಯುತ್ತದೆ. ಕೆರೆ ಮೊದಲೇ ತುಂಬಿದ್ದರೆ ಅಷ್ಟೂ ನೀರು ಕೋಡಿಯ ಮೂಲಕವೇ ಹೋಗಬೇಕು. ಕೋಡಿಯ ಮೇಲೆ ಹರಿಯುವ ನೀರಿನ ಪ್ರಮಾಣವು ಅದರ ಉದ್ದಕ್ಕೆ ನೇರ ಅನುಪಾತದಲ್ಲಿರುತ್ತದೆ. ಮೇಲೆ ಹರಿಯುವ ನೀರಿನ ಎತ್ತರಕ್ಕಾದರೋ ಒಂದೂವರೆ ಘಾತದ ಅನುಪಾತದಲ್ಲಿರುತ್ತದೆ. ಹೀಗಾಗಿ ಮೂರು ಅಡಿ ಎತ್ತರದ ನೀರನ್ನು ಸಾಗಿಸಲು ಅವಕಾಶವಿದ್ದ ಕೋಡಿಯನ್ನು, ಒಂದಿಷ್ಟು ಹೆಚ್ಚು ನೀರು ನಿಲ್ಲಲಿ ಎಂದು ಒಂದಡಿ ಏರಿಸಿ, ಏರಿಯನ್ನು ಇದ್ದಷ್ಟೇ ಎತ್ತರಕ್ಕೆ ಬಿಟ್ಟರೆ, ಕೋಡಿಯ ಸಾಮರ್ಥ್ಯ ಮೂರರಲ್ಲಿ ಎರಡು ಪಾಲಿಗೆ ಇಳಿಯುವುದಿಲ್ಲ. ಅದಕ್ಕಿಂತ ಕೆಳಗೆ, ಸುಮಾರು ನೂರಕ್ಕೆ 54ರಷ್ಟಕ್ಕೆ ಕುಸಿಯುತ್ತದೆ. ಈ ಗಣಿತ ಹಳ್ಳಿಗರಿಗೆ ಸೂತ್ರವಾಗಿ ಗೊತ್ತಿರಲಿಲ್ಲ. ಆದರೆ ಕೋಡಿಕಲ್ಲನ್ನು ಮುಟ್ಟಬಾರದು, ಅದು ಗಂಗಮ್ಮನ ಹೊಸಿಲು ಎಂಬ ನಂಬಿಕೆ ಅದೇ ಗಣಿತವನ್ನು ಕಾಯುತ್ತಿತ್ತು. ಕೆಲವು ಕೆರೆಗಳ ಕೋಡಿಯ ಮೇಲೆ ಸಾಲಾಗಿ ಗಿಡ್ಡ ಕಲ್ಲುಗಳನ್ನು ನೆಟ್ಟಿರುವುದನ್ನು ಕಾಣುತ್ತೇವೆ. ಮಳೆಗಾಲ ಮುಗಿಯುತ್ತ ಬಂದಾಗ ಆ ಕಲ್ಲುಗಳ ನಡುವೆ ಹೆಂಟೆ, ಹುಲ್ಲು ತುಂಬಿ ಗೇಣುದ್ದ ನೀರನ್ನು ಹೆಚ್ಚಾಗಿ ಹಿಡಿಯುವುದು ರೂಢಿ. ಹಸ್ತ, ಚಿತ್ತೆ ಕಳೆಯುವ ಮೊದಲು ತುಂಬುವುದು ಅಪಾಯ. ಯಾವಾಗ ತುಂಬಬೇಕು, ಯಾವಾಗ ಕಿತ್ತೊಗೆಯಬೇಕು ಎಂಬ ತೀರ್ಮಾನ ಪಂಚಾಂಗವನ್ನೂ ಆಕಾಶವನ್ನೂ ಬಲ್ಲವನದಾಗಿತ್ತು.

ಸಣ್ಣ ಕೆರೆ ಎಂದೂ ಒಂಟಿಯಲ್ಲ ಎಂಬುದು ಎರಡನೆಯ ಅಂಶ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಆಂಧ್ರದ ಪರಿಗಿಯ ಬಳಿ ಉತ್ತರ ಪಿನಾಕಿನಿಯನ್ನು ಸೇರುವವರೆಗೆ, ಅದರ ಒಂದೊಂದು ಹಳ್ಳವೂ ಒಂದೊಂದು ಕೆರೆಸಾಲು. ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಯ ಒಡಲಿಗೆ ನೀರು. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲಿ ಸಂಸ್ಥಾನದ ಭೂಭಾಗದ ಸುಮಾರು ಶೇಕಡಾ 60ರಷ್ಟು ಹೀಗೆ ಕೆರೆಸಾಲುಗಳ ಹಿಡಿತಕ್ಕೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ತಕ್ಕ ಜಾಗ ಹುಡುಕಲು ಜಾಣ್ಮೆಯೇ ಬೇಕಾದೀತೆಂದೂ ಬರೆದಿದ್ದನು. ಈ ಮಾತನ್ನು ಹೆಮ್ಮೆಯಿಂದ ಉದ್ಧರಿಸುವವರು ಅದರ ಇನ್ನೊಂದು ಮುಖವನ್ನು ಮರೆಯುತ್ತಾರೆ. ಸಾಲಿನಲ್ಲಿ ಒಂದು ಕೆರೆ ಒಡೆದರೆ ಕೆಳಗಿನ ಕೆರೆಗೆ ಬರುವುದು ಮಳೆಯ ನೀರಷ್ಟೇ ಆಗಿರುವುದಿಲ್ಲ, ಮೇಲಿನ ಕೆರೆಯೇ ಬರುತ್ತದೆ. 1903ರ ನವೆಂಬರ್‌ನಲ್ಲಿ ಕೋಲಾರದ ಕಡೆಯ ಪಾಲಾರ್ ಕಣಿವೆಯ ಕೆರೆಗಳು ಒಡೆದಾಗ ಆ ನೀರು ಸಂಸ್ಥಾನದ ಗಡಿ ದಾಟಿ ಮದ್ರಾಸ್ ಪ್ರಾಂತ್ಯದ ವಾಣಿಯಂಬಾಡಿಯನ್ನು ಕೊಚ್ಚಿಹಾಕಿದ್ದು ಇದಕ್ಕೆ ಭೀಕರ ನಿದರ್ಶನ.

ಪೂರ್ವಿಕರು ಇದನ್ನು ಬಲ್ಲವರಾಗಿದ್ದರು. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಒಂದನೆಯ ಬುಕ್ಕನ ಮಗ ಭಾಸ್ಕರ ಭವದೂರನು 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವು ಒಳ್ಳೆಯ ಕೆರೆಯ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಆ ಕೆರೆಯನ್ನು ಕಟ್ಟಲು ಎರಡು ವರ್ಷ ಕಾಲ ಸಾವಿರ ಆಳು, ನೂರು ಬಂಡಿ ದುಡಿದವೆಂಬ ವಿವರವೂ ಅಲ್ಲಿದೆ. ಏರಿಯಿಂದ ನೀರು ಜಿನುಗುವುದು ದೋಷಗಳ ಪಟ್ಟಿಯಲ್ಲಿದೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದೂ ದೋಷವೇ. ನೀರು ಕಡಿಮೆಯಾಗಿ ಗದ್ದೆ ಹೆಚ್ಚಾದರೆ ಹೇಗೆ ದೋಷವೋ, ಗದ್ದೆ ಕಡಿಮೆಯಾಗಿ ನೀರು ಹೆಚ್ಚಾಗುವುದೂ ಹಾಗೆಯೇ ದೋಷ. ನೀರಿನ ಹೆಚ್ಚಳವನ್ನು ಸಂಪತ್ತೆಂದು ಎಣಿಸದೆ ದೋಷವೆಂದು ಗುರುತಿಸಿರುವುದು ಗಮನಾರ್ಹ. ಪೋರುಮಾಮಿಳ್ಳ ಉತ್ತರ ಪಿನಾಕಿನಿಯ ಕಣಿವೆಗೇ ಸೇರಿದ ಸೀಮೆಯಾದ್ದರಿಂದ ಈ ಶಾಸನದ ಅನುಭವ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹೊರಗಿನದೆನ್ನಲಾಗದು.

ಕನ್ನಡ ಶಾಸನಗಳು ಇಷ್ಟು ಶಾಸ್ತ್ರೀಯವಾಗಿಲ್ಲ. ಅವುಗಳ ಆಸಕ್ತಿ ದುರಸ್ತಿಯಲ್ಲಿ. ಹೇಮಾವತಿಯನ್ನು, ಅಂದರೆ ಅಂದಿನ ಹೆಂಜೇರನ್ನು, ರಾಜಧಾನಿಯಾಗಿ ಮಾಡಿಕೊಂಡ ನೊಳಂಬರ ಕಾಲದಿಂದ ನಿಡುಗಲ್ಲಿನ ಚೋಳರವರೆಗೆ, ಅನಂತರ ವಿಜಯನಗರ ಮತ್ತು ಪಾಳೆಯಗಾರರ ಕಾಲದವರೆಗೆ ಈ ಸೀಮೆಯಲ್ಲಿ ಆಳಿದವರು ಬದಲಾದರೂ ಕೆರೆಯನ್ನು ಕುರಿತ ದತ್ತಿಯ ಶಬ್ದಗಳಲ್ಲಿ ಒಂದು ಸಾತತ್ಯವಿದೆ. ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆ, ದಸವಂದ ಮುಂತಾದವು ಕೆರೆ ಕಟ್ಟಿದವನಿಗೆ ಅಥವಾ ಕಾಪಾಡುವವನಿಗೆ ಅದೇ ಕೆರೆಯ ಕೆಳಗಿನ ಭೂಮಿಯಲ್ಲಿ ಪಾಲು ಕೊಡುವ ಬಗೆಗಳು. ಇವುಗಳ ಜೊತೆಗೆ ಕೆರೆಗೆ ಮಣ್ಣು ಹೊರುವ ಬಂಡಿಗಾಗಿಯೂ ದತ್ತಿ ಬಿಟ್ಟಿರುವುದನ್ನು ಕರ್ನಾಟಕದ ಶಾಸನಗಳಲ್ಲಿ ಕಾಣಬಹುದು. ಏರಿಗೆ ವರ್ಷವರ್ಷವೂ ಮಣ್ಣು ಬೀಳಬೇಕು, ಬಂಡಿ ಎಳೆಯುವ ಎತ್ತಿಗೂ ಕೋಣಕ್ಕೂ ಮೇವಿನ ವ್ಯವಸ್ಥೆ ಇರಬೇಕು ಎಂಬುದನ್ನು ಕಲ್ಲಿನಲ್ಲಿ ಬರೆಸಿಡುವಷ್ಟು ಅವರಿಗೆ ಅದು ಮುಖ್ಯವಾಗಿತ್ತು. ಕೆರೆ ಕಟ್ಟಿಸಿದ ಕೀರ್ತಿಯನ್ನು ಸಾರುವ ಶಾಸನಗಳಿಗಿಂತ ಬಂಡಿಯ ಮೇವಿಗೆ ಗದ್ದೆ ಬಿಟ್ಟ ಈ ಪುಟ್ಟ ಬರಹಗಳೇ ಹೆಚ್ಚು ವಿಷಯವನ್ನು ತಿಳಿಸುತ್ತವೆ ಎಂದು ನನ್ನ ಅನಿಸಿಕೆ.

ಇನ್ನು ಐತಿಹ್ಯಗಳಿಗೆ ಬರಬಹುದು. ಕನ್ನಡದ ಕೆರೆಯ ಕಥನಗಳಲ್ಲಿ ವಿದ್ವಾಂಸರ ಗಮನ ಹೆಚ್ಚಾಗಿ ಹರಿದಿರುವುದು 'ಕೆರೆಗೆ ಹಾರ'ದ ಕಡೆಗೆ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರೂ ಬಾರದೆ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುವ ಆ ಕಥೆ ಬರದ ಭಯದಿಂದ ಹುಟ್ಟಿದ್ದು. ಇದಕ್ಕೆ ಎದುರಾಗಿ ನೆರೆಯ ಭಯದಿಂದ ಹುಟ್ಟಿದ ಕಥೆಯೊಂದಿದೆ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಅಯ್ಯನಕೆರೆಯನ್ನು ಕುರಿತು ಪ್ರಚಲಿತವಿರುವ ಅದರ ರೂಪ ಹೀಗಿದೆ: ಕೆರೆ ತುಂಬಿ ತುಳುಕುವ ರಾತ್ರಿ ಏರಿಯನ್ನು ಕಾಯುತ್ತಿದ್ದ ನೀರುಗಂಟಿಗೆ ಕೆರೆಯ ದೇವತೆ ಕಾಣಿಸಿಕೊಂಡು, ತಾನು ಹೊರಡುತ್ತೇನೆ ಎನ್ನುತ್ತಾಳೆ. ಒಡೆಯನಿಗೆ ಸುದ್ದಿ ಮುಟ್ಟಿಸಿ ಬರುತ್ತೇನೆ, ನಾನು ಮರಳುವವರೆಗೆ ಹೋಗಬೇಡ ಎಂದು ಅವನು ಮಾತು ಪಡೆಯುತ್ತಾನೆ. ಸುದ್ದಿ ಕೇಳಿದ ಅರಸ ರುಕ್ಮಾಂಗದ, ನೀರುಗಂಟಿ ಮರಳಿದರೆ ತಾನೇ ದೇವತೆ ಹೊರಡುವುದು ಎಂದು ಯೋಚಿಸಿ ಅವನನ್ನು ಕೊಲ್ಲಿಸುತ್ತಾನೆ. ದೇವತೆ ಇಂದಿಗೂ ಕಾಯುತ್ತಿದ್ದಾಳೆ, ಕೆರೆ ಇಂದಿಗೂ ಉಳಿದಿದೆ. ಈ ಆಶಯದ ಪಾಠಾಂತರಗಳು ಬೇರೆ ಕೆರೆಗಳಿಗೂ ಅಂಟಿಕೊಂಡಿವೆ. ಹಿರೇಕೆರೂರು ಸೀಮೆಯ ಮದಗದ ಕೆರೆಯ ಹಾಡಿನಲ್ಲಿಯೂ ದಿಢೀರನೆ ಕವಿದ ಮಳೆ, ಗಂಗಮ್ಮನ ಬರವು, ಒಡ್ಡರನ್ನು ಕರೆಸಿ ಏರಿಗೆ ಮಣ್ಣು ಹಾಕಿಸುವ ಗಡಿಬಿಡಿ ಇವೆಲ್ಲ ಇವೆ.

ಇಂಥ ಕಥೆಯನ್ನು ಬರಿಯ ನರಬಲಿಯ ಆಶಯವೆಂದು ವರ್ಗೀಕರಿಸಿ ಬಿಟ್ಟರೆ ಅದರೊಳಗಿನ ಮಾಹಿತಿ ಕೈತಪ್ಪುತ್ತದೆ. ರಾತ್ರಿಯ ಮಳೆಯಲ್ಲಿ ಏರಿಯ ಮೇಲೆ ಒಬ್ಬ ಮನುಷ್ಯ ಇದ್ದನು. ಏರಿ ಒಡೆಯುವ ಮುನ್ಸೂಚನೆ ಮೊದಲು ಸಿಕ್ಕಿದ್ದು ಅವನಿಗೆ. ಸುದ್ದಿಯನ್ನು ಮುಟ್ಟಿಸಬೇಕಾದ ಜಾಗ ಅವನಿಗೆ ಗೊತ್ತಿತ್ತು. ಕಾವಲು, ಮುನ್ಸೂಚನೆ, ಸಂದೇಶ ಎಂಬ ಮೂರೂ ಅಂಗಗಳು ಇಲ್ಲಿವೆ. ಇಂದಿನ ನೆರೆ ನಿರ್ವಹಣೆಯ ಕೈಪಿಡಿಗಳು ಹೇಳುವುದೂ ಇದನ್ನೇ. ಆದರೆ ಕಥೆ ಇನ್ನೊಂದನ್ನೂ ಹೇಳುತ್ತದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಾಗದು. ಕೆರೆ ಉಳಿದದ್ದು ಕಾವಲುಗಾರನ ತಲೆಯ ಬೆಲೆಗೆ. ನೀರುಗಂಟಿ ಊರಿನ ಆಯಗಾರರಲ್ಲಿ ಒಬ್ಬ; ಹಳೆಯ ಮೈಸೂರಿನಲ್ಲಿ ಈ ವೃತ್ತಿ ಬಹುಮಟ್ಟಿಗೆ ದಲಿತ ಕುಟುಂಬಗಳದ್ದು. ಮಣ್ಣು ಹೊತ್ತವರು ಒಡ್ಡರು. 'ಕೆರೆಗೆ ಹಾರ'ದಲ್ಲಿ ಸತ್ತದ್ದು ಸೊಸೆ, ಅಯ್ಯನಕೆರೆಯಲ್ಲಿ ಸತ್ತದ್ದು ನೀರುಗಂಟಿ. ಗೌಡನೂ ಅರಸನೂ ಎಲ್ಲಿಯೂ ಸಾಯುವುದಿಲ್ಲ. ಸಾಂಪ್ರದಾಯಿಕ ಕೆರೆ ನಿರ್ವಹಣೆಯನ್ನು ಸಮುದಾಯದ ಸಹಕಾರವೆಂದು ಒಂದೇ ಉಸಿರಿನಲ್ಲಿ ಹೊಗಳುವ ನಮ್ಮ ಕೆಲವು ಲೇಖನಗಳು, ನನ್ನ ಹಿಂದಿನ ಬರಹಗಳೂ ಸೇರಿದಂತೆ, ಈ ಅಂಶದ ಬಗ್ಗೆ ಮೌನವಾಗಿವೆ.

ನೀರುಗಂಟಿಯ ಕೆಲಸವನ್ನು ಕೊಂಚ ವಿವರವಾಗಿ ನೋಡುವುದು ಅಗತ್ಯ. ತೂಬಿನ ಬಿರಡೆಯನ್ನು ತೆಗೆಯುವುದು, ಹಾಕುವುದು, ಗದ್ದೆಗೆ ಸರದಿಯಂತೆ ನೀರು ಹಾಯಿಸುವುದು ಅವನ ಕೆಲಸವೆಂದು ಎಲ್ಲರೂ ಬಲ್ಲರು. ಮಳೆಗಾಲದಲ್ಲಿ ಅವನು ಏರಿಯ ಹಿಂಬದಿಯನ್ನು ನೋಡಿಕೊಳ್ಳುತ್ತಿದ್ದ. ಏರಿಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ, ಕದಡಿದ್ದರೆ ಒಳಗೆ ಮಣ್ಣು ಕರಗುತ್ತಿದೆ ಎಂದರ್ಥ. ತೂಬಿನ ಕೊಳವೆಯ ಬದಿಯಲ್ಲಿ ನೀರು ದಾರಿ ಮಾಡಿಕೊಳ್ಳುವುದು ಕೆರೆ ಒಡೆಯುವ ಸಾಮಾನ್ಯ ಕಾರಣಗಳಲ್ಲೊಂದೆಂದು ಎಂಜಿನಿಯರುಗಳೂ ಹೇಳುತ್ತಾರೆ. ಹೆಗ್ಗಣದ ಬಿಲವನ್ನು ಅಗೆದು ಜೇಡಿಮಣ್ಣು ತುಂಬಿ ದಮ್ಮಸ್ಸು ಮಾಡುವುದು, ಏರಿಯ ಮೇಲೆ ಹುಟ್ಟಿದ ಗಿಡವನ್ನು ಬೇರು ಬಲಿಯುವ ಮೊದಲೇ ಕೀಳುವುದು, ಕೋಡಿಹಳ್ಳದಲ್ಲಿ ಅಡ್ಡಬಿದ್ದ ಕೊಂಬೆಯನ್ನು ಎಳೆದುಹಾಕುವುದು ಇವೆಲ್ಲ ದಿನನಿತ್ಯದ ಸಣ್ಣ ಕೆಲಸಗಳು. ಯಾವ ಅಂದಾಜುಪಟ್ಟಿಯಲ್ಲೂ ಇವು ಬರುವುದಿಲ್ಲ.

ಈ ಸೀಮೆಗೇ ವಿಶಿಷ್ಟವಾದ ತಲಪರಿಗೆಗಳನ್ನು ಇಲ್ಲಿ ನೆನೆಯಬೇಕು. ಹಳ್ಳದ ಅಥವಾ ಕೆರೆಯಂಗಳದ ಮರಳುಪದರದಲ್ಲಿ ಉಕ್ಕುವ ಒರತೆಯನ್ನು ಅಗೆದು, ಕಾಲುವೆ ತೋಡಿ ಗದ್ದೆಗೆ ಹಾಯಿಸುವ ವ್ಯವಸ್ಥೆಯೇ ತಲಪರಿಗೆ. ಮೈಸೂರು ಗೆಜೆಟಿಯರ್ ಕೂಡ ಇದನ್ನು ಈ ನಾಲ್ಕು ತಾಲ್ಲೂಕುಗಳ ವಿಶೇಷವೆಂದು ಗುರುತಿಸಿದೆ. ವರ್ಷಕ್ಕೊಮ್ಮೆ ಮನೆಗೊಂದಾಳಿನಂತೆ ಸೇರಿ ತಲಪರಿಗೆಯ ಹೂಳು ತೆಗೆದು, ಗಂಗಮ್ಮನಿಗೆ ಪೂಜೆ ಮಾಡಿ ನೀರು ಬಿಡುವ ರೂಢಿಯಿತ್ತು. ಅಂದು ಊರಿನವರೆಲ್ಲ ಕೆರೆಯಂಗಳಕ್ಕೆ ಇಳಿಯುತ್ತಿದ್ದರು; ಏರಿಯ ಒಳಮೈ, ತೂಬಿನ ಬಾಯಿ, ಕೊಚ್ಚಿಹೋದ ಕಲ್ಲು ಎಲ್ಲವೂ ಕಣ್ಣಿಗೆ ಬೀಳುತ್ತಿದ್ದವು. ಕೊಳವೆಬಾವಿಗಳು ಹೆಚ್ಚಿ, ಹಳ್ಳದ ಮರಳು ಲಾರಿಯೇರಿ ಹೋದ ಮೇಲೆ ಬಹುತೇಕ ತಲಪರಿಗೆಗಳು ಬತ್ತಿದವು. ಅದರೊಂದಿಗೆ ಈ ಅಘೋಷಿತ ತಪಾಸಣೆಯೂ ನಿಂತಿತು.

ಆಡಳಿತದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಸಂಸ್ಥಾನದ ಕಾಲದಲ್ಲಿ ಏರಿಯ ಕೊರಕಲು ತುಂಬುವುದು, ಗಿಡಗಂಟಿ ಕೀಳುವುದು, ಕಾಲುವೆಯ ಹೂಳು ತೆಗೆಯುವುದು ರೈತರ ಹೊಣೆಯೆಂದೂ, ಕಲ್ಲುಗಾರೆಯ ಕೆಲಸ ಸರ್ಕಾರದ್ದೆಂದೂ ವಿಭಾಗವಾಗಿತ್ತು. ಈ ರೂಢಿಯ ಹೊಣೆಗೆ ಕಾನೂನಿನ ಬಲ ಕೊಡುವ ಪ್ರಯತ್ನವಾಗಿ 1911ರಲ್ಲಿ ಮೈಸೂರು ಕೆರೆ ಪಂಚಾಯಿತಿ ರೆಗ್ಯುಲೇಷನ್ ಬಂದಿತು. ಸ್ವಾತಂತ್ರ್ಯಾನಂತರ 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ವಂಶಪಾರಂಪರ್ಯದ ಗ್ರಾಮವೃತ್ತಿಗಳನ್ನು ಕೊನೆಗೊಳಿಸಿತು. ಹುಟ್ಟಿನಿಂದ ಬಂದ ಚಾಕರಿಯನ್ನು ತೆಗೆದುಹಾಕಿದ್ದು ನ್ಯಾಯವೇ ಸರಿ; ಆದರೆ ಆ ಚಾಕರಿಯ ಜಾಗದಲ್ಲಿ ಸಂಬಳದ ನೌಕರಿಯೊಂದು ಹುಟ್ಟಲಿಲ್ಲ. 1965ರ ನೀರಾವರಿ ಕಾಯಿದೆಯ ನಂತರ ಕೆರೆ ಇಲಾಖೆಯದಾಯಿತು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆಯದು ಜಿಲ್ಲಾ ಪಂಚಾಯಿತಿಗೆ ಎಂದು ಹಂಚಿಕೆಯಾದದ್ದರಿಂದ, ಒಂದೇ ಹಳ್ಳದ ಕೆರೆಸಾಲು ಎರಡು ಕಚೇರಿಗಳ ಕಡತಗಳಿಗೆ ಸೀಳಿಹೋಯಿತು. ಮೇಲಿನ ಸಣ್ಣ ಕೆರೆಯ ಏರಿ ಶಿಥಿಲವಾಗಿದ್ದರೆ ಅಪಾಯ ಕೆಳಗಿನ ದೊಡ್ಡ ಕೆರೆಗೆ. ಕಡತಗಳಾದರೋ ಬೇರೆ ಬೇರೆ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಆರಂಭವಾದ ಕಾರ್ಯಕ್ರಮವು ತುಮಕೂರು ಜಿಲ್ಲೆಯನ್ನೂ ಒಳಗೊಂಡು ಕೆರೆ ಬಳಕೆದಾರರ ಸಂಘಗಳನ್ನು ರಚಿಸಿತು. 2014ರಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯೂ ಆಯಿತು. ಸಂಘವಿದ್ದರೂ, ಪ್ರಾಧಿಕಾರವಿದ್ದರೂ, ಚಿತ್ತೆಮಳೆಯ ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ನಿಲ್ಲುವವರಾರು ಎಂಬುದಕ್ಕೆ ಯಾವ ಕಾಯಿದೆಯೂ ಸ್ಪಷ್ಟ ಉತ್ತರ ಕೊಟ್ಟಂತಿಲ್ಲ.

ಇಂದು ಈ ಸೀಮೆಯಲ್ಲಿ ಕೆರೆ ಅಭಿವೃದ್ಧಿಯೆಂದರೆ ಹೂಳೆತ್ತುವುದು ಮತ್ತು ಏರಿಯನ್ನು ಎತ್ತರಿಸುವುದು. ಎರಡೂ ಕಣ್ಣಿಗೆ ಕಾಣುವ, ಅಳತೆಪುಸ್ತಕಕ್ಕೆ ಸಿಗುವ ಕೆಲಸಗಳು. ಕೋಡಿಯ ಕೆಳಗಿನ ಹಳ್ಳವಾದರೋ ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತು ವರ್ಷ ಕೋಡಿ ಬೀಳದ ಕೆರೆಯ ಕೋಡಿಹಳ್ಳ ಮೊದಲು ದನದ ದಾರಿಯಾಗುತ್ತದೆ, ಬಳಿಕ ಹುರುಳಿ ಹೊಲವಾಗುತ್ತದೆ, ಕೊನೆಗೆ ಅಡಕೆ ತೋಟವಾಗುತ್ತದೆ. ಅಚ್ಚುಕಟ್ಟಿನವರಿಗೆ ಕೋಡಿ ಎತ್ತರವಾಗಬೇಕು, ಹಿನ್ನೀರಿನ ಹೊಲದವರಿಗೆ ತಗ್ಗಬೇಕು; ಮೀನಿನ ಹರಾಜು ಹಿಡಿದವರು ಮರಿ ಹೊರಹೋಗದಂತೆ ಕೋಡಿಗೆ ಬಲೆ ಕಟ್ಟುತ್ತಾರೆ, ಕಸಕಡ್ಡಿ ಸಿಕ್ಕಿ ಆ ಬಲೆಯೇ ಒಡ್ಡಾಗುತ್ತದೆ. ಏರಿಯ ಮೇಲೆ ಬಳ್ಳಾರಿಜಾಲಿ ಬೇರುಬಿಟ್ಟಿದೆ. ಇವುಗಳ ಜೊತೆಗೆ ಹೊಸ ಸಂಗತಿಯೊಂದು ಸೇರಿದೆ. ಹೇಮಾವತಿ ನಾಲೆಯ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಹರಿಯುತ್ತಿದೆ. ಎತ್ತಿನಹೊಳೆ ಯೋಜನೆಯಲ್ಲಿಯೂ ಕೊರಟಗೆರೆ, ಮಧುಗಿರಿ ಕಡೆಯ ಕೆರೆಗಳನ್ನು ತುಂಬಿಸುವ ಉದ್ದೇಶವಿದೆ. ಬರಪೀಡಿತ ಸೀಮೆಗೆ ಇದು ಸ್ವಾಗತಾರ್ಹ. ಆದರೆ ನಾಲೆಯ ನೀರಿನಿಂದ ಮೊದಲೇ ತುಂಬಿದ ಕೆರೆಯಲ್ಲಿ ಹಸ್ತ, ಚಿತ್ತೆಗಳ ನೀರಿಗೆ ಜಾಗ ಇರುವುದಿಲ್ಲ. ಬತ್ತಿದ ಕೆರೆ ಮೊದಲ ದೊಡ್ಡ ಮಳೆಯನ್ನು ನುಂಗಿಕೊಳ್ಳುತ್ತಿತ್ತು. ತುಂಬಿದ ಕೆರೆ ಅದನ್ನು ನೇರವಾಗಿ ಕೋಡಿಗೆ ದಾಟಿಸುತ್ತದೆ. ಹಾಗಾಗಿ ಹೊರಗಿನ ನೀರು ತರುವ ಯೋಜನೆ ಕೋಡಿಯ ಮರುಲೆಕ್ಕವನ್ನೂ ಜೊತೆಯಲ್ಲೇ ತರಬೇಕಾಗುತ್ತದೆ.

ಸಣ್ಣ ಕೆರೆಗಳನ್ನು ನೆರೆಗೆ ಗಟ್ಟಿಗೊಳಿಸುವ ಕೆಲಸ ಏರಿಗಿಂತ ಮೊದಲು ಕೋಡಿಯಿಂದ ಆರಂಭವಾಗಬೇಕೆಂದು ಮೇಲಿನ ಪರಿಶೀಲನೆಯಿಂದ ಹೊರಡುತ್ತದೆ. ಕೋಡಿಯನ್ನು ಎತ್ತರಿಸುವ ಬದಲು ಉದ್ದ ಮಾಡಿದರೆ, ನಿಲ್ಲುವ ನೀರು ಕಡಿಮೆಯಾಗದೆಯೇ ಸಾಗುವ ನೀರು ಹೆಚ್ಚುತ್ತದೆ. ಕೋಡಿಹಳ್ಳಗಳು ಹಳೆಯ ಗ್ರಾಮನಕ್ಷೆಗಳಲ್ಲಿ ಹಳ್ಳವಾಗಿಯೇ, ಬಹಳಷ್ಟು ಕಡೆ 'ಬ' ಖರಾಬಾಗಿ ದಾಖಲಾಗಿರುವುದರಿಂದ ಅವುಗಳ ಗಡಿಯನ್ನು ಗುರುತಿಸುವುದು ಅಸಾಧ್ಯವೇನಲ್ಲ. ಕೆರೆಸಾಲನ್ನು ಒಂದು ಘಟಕವಾಗಿ ಎಣಿಸಿ, ದುರಸ್ತಿಯನ್ನು ಮೇಲಿನ ಕೆರೆಯಿಂದ ಕೆಳಗೆ ಇಳಿಸಬೇಕು. ನೀರುಗಂಟಿಯನ್ನು ಜಾತಿಯ ಚಾಕರಿಯಾಗಿ ಅಲ್ಲದೆ, ಗ್ರಾಮ ಪಂಚಾಯಿತಿಯ ಸಂಬಳದ ಹುದ್ದೆಯಾಗಿ, ಕೈಯಲ್ಲಿ ದೂರವಾಣಿ ಮತ್ತು ಮಳೆಮಾಪಕ ಕೊಟ್ಟು, ಮಳೆಗಾಲದ ನಾಲ್ಕು ತಿಂಗಳಾದರೂ ಏರಿಯ ಮೇಲೆ ನಿಲ್ಲಿಸಬೇಕು.

ಜಾನಪದ ಸಂಶೋಧಕರ ಪಾಲಿನ ಕೆಲಸವೂ ಇದೆ. ದೊಡ್ಡೇರಿ ಕಡೆಯ ಹಿರಿಯರು ಹುಟ್ಟು, ಮದುವೆ, ಸಾವುಗಳ ಕಾಲವನ್ನು ಹೇಳುವಾಗ 'ಕೆರೆ ಕೋಡಿ ಬಿದ್ದ ವರ್ಷ' ಎಂದು ಎಣಿಸುವುದು ಇನ್ನೂ ಉಳಿದಿದೆ. ಇಂಥ ನೆನಪುಗಳನ್ನು ಕೆರೆಕೆರೆಗೂ ಸಂಗ್ರಹಿಸಿ, ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಕಲ್ಲು ಮುಳುಗಿತ್ತು, ಏರಿ ಯಾವ ಕಡೆ ಬಾಯಿಬಿಟ್ಟಿತ್ತು ಎಂಬ ವಿವರಗಳನ್ನು ಗ್ರಾಮನಕ್ಷೆಯ ಮೇಲೆ ಗುರುತಿಸಿದರೆ, ಅಳತೆಯ ದಾಖಲೆಯೇ ಇಲ್ಲದ ನೂರಾರು ಸಣ್ಣ ಕೆರೆಗಳಿಗೆ ನೆರೆಯ ಚರಿತ್ರೆಯೊಂದು ದೊರೆಯುತ್ತದೆ. ಆ ನೆನಪಿನವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು.